ಅರಿಶಿನ ಕುಂಕುಮದ ದಿನ ಒತ್ತಿದ ಸೀಲು

ಒಂದು ಪ್ರಶ್ನೆ ಕೇಳುತ್ತೇನೆ, ಸಂಕೋಚ ಬಿಟ್ಟು ಉತ್ತರ ಕೊಡಿ. ಕೆಲಸವನ್ನು ಕೂದಲೆಳೆಯಷ್ಟೂ ತಪ್ಪಿಲ್ಲದೆ ಮಾಡಿ, ಅದರ ಬಗ್ಗೆ ಬರೆಯುವ ಕಾಗದದಲ್ಲಿ ಮಾತ್ರ ಸುಳ್ಳು ಬರೆದು ಯಾವತ್ತಾದರೂ ಸಿಕ್ಕಿಬಿದ್ದಿದ್ದೀರಾ? ಸಿಕ್ಕಿಬಿದ್ದ ಮೇಲೆ ಆ ಸುಳ್ಳನ್ನು ಪಕ್ಕದವರ ತಲೆಗೆ ಕಟ್ಟಲು ಹೊರಟಿದ್ದೀರಾ? ನಾನು ಎರಡನ್ನೂ ಮಾಡಿದವನು. ಸ್ವಯಂ ನಿವೃತ್ತಿ ತೆಗೆದುಕೊಂಡು ಎರಡು ವರ್ಷವಾಯಿತು. ಈಗ ನನ್ನ ಮೇಲೆ ಕ್ರಮ ತೆಗೆದುಕೊಳ್ಳುವವರು ಮನೆಯವರು ಮಾತ್ರ, ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ಗೆಜ್ಜಲಗೆರೆಯ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಇಪ್ಪತ್ತಾರು ವರ್ಷ ಇದ್ದೆ. ಹೆಸರು ಹೇಳುವುದಿಲ್ಲ, ಹೇಳಿದರೆ ಇನ್ನೊಂದು ಕೇಸು. ಇಬ್ಬರು ಕೂರುವ ಸಣ್ಣ ವಿಮಾನಗಳಿರುತ್ತವಲ್ಲ, ಅವುಗಳ ಚಕ್ರದ ಕಾಲನ್ನು ಹಿಡಿದಿಡುವ ಉಕ್ಕಿನ ಪಿನ್ನು ನಮ್ಮಲ್ಲಿ ತಯಾರಾಗುತ್ತಿತ್ತು. ಉದ್ದ ನಿಮ್ಮ ಕಿರುಬೆರಳಿನಷ್ಟು. ಹೆಣ್ಣು ನೋಡಲು ಹೋದಾಗ ನಮ್ಮ ಕಡೆಯವರು ಹುಡುಗ ವಿಮಾನ ಮಾಡುತ್ತಾನೆ ಎಂದು ಹೇಳಿಬಿಟ್ಟಿದ್ದರು. ಮದುವೆಯಾದ ತಿಂಗಳಿಗೆ ಮಾವ ಕಾರ್ಖಾನೆ ನೋಡಲು ಬಂದರು. ಒಂದು ಪಿನ್ನನ್ನು ಅಂಗೈ ಮೇಲೆ ಇಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

"ಇಷ್ಟೇಯಾ?"

"ಇಷ್ಟೇ ಮಾವ."

"ಮಿಕ್ಕಿದ್ದು ಯಾರ್ ಮಾಡ್ತಾರೆ?"

"ಬೇರೆಯವರು."

"ಸರಿ ಬುಡು, ಇನ್ನೇನ್ ಮಾಡಕಾಯ್ತದೆ, ಮದ್ವೆ ಆಗೋಯ್ತಲ್ಲ" ಎಂದು ಪಿನ್ನು ವಾಪಸ್ಸು ಕೊಟ್ಟರು.

ಐಟಿಐ, ಡಿಪ್ಲೊಮಾ ಮುಗಿಸಿ ಇಂಥ ಕಾರ್ಖಾನೆಗೆ ಸೇರುವ ಮಕ್ಕಳು ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಅಲ್ಲಿ ಪಿನ್ನಿಗಿಂತ ಅದರ ಕಾಗದದ ತೂಕ ಹೆಚ್ಚು. ಉಕ್ಕು ಎಲ್ಲಿಂದ ಬಂತು, ಯಾವ ಲೇತಿನಲ್ಲಿ ಕಡೆದರು, ಯಾರು ಅಳೆದರು, ಯಾವತ್ತು ಅಳೆದರು, ಯಾರ ಸೀಲು, ಎಲ್ಲವೂ ಒಂದು ಕಾರ್ಡಿನಲ್ಲಿ ಇರಬೇಕು. ಪಿನ್ನು ಎಷ್ಟೇ ಚೆನ್ನಾಗಿರಲಿ, ಕಾರ್ಡಿನಲ್ಲಿ ಒಂದು ಖಾನೆ ಖಾಲಿ ಉಳಿದರೆ ಅದು ಗುಜರಿ. ವಿಮಾನ ಬಿದ್ದ ದಿನ ಯಾರೂ ಪಿನ್ನಿನ ಹತ್ತಿರ ಹೋಗಿ ನೀನು ಒಳ್ಳೆಯದಾ ಎಂದು ಕೇಳುವುದಿಲ್ಲ. ಕಾರ್ಡು ತೆಗಿ ಎನ್ನುತ್ತಾರೆ.

ನಾನು ಸೇರಿದ ಹೊಸತರಲ್ಲಿ ಪ್ಯಾಕಿಂಗ್ ವಿಭಾಗದಲ್ಲಿ ಕೆಂಪಯ್ಯ ಎಂಬ ಹಿರಿಯರಿದ್ದರು. ಅಳತೆ ತಪ್ಪಿದ ಪಿನ್ನುಗಳಿಗೆ ಕೆಂಪು ಬಣ್ಣ ಬಳಿದು, ಕತ್ತರಿಸಿ, ಗುಜರಿಗೆ ಹಾಕಬೇಕೆಂಬುದು ನಿಯಮ. ಅಂಥ ಉಕ್ಕನ್ನು ಕತ್ತರಿಸಲು ಕೆಂಪಯ್ಯನವರಿಗೆ ಕರುಳು ಚುರ್ ಎನ್ನುತ್ತಿತ್ತು. ಎರಡನ್ನು ಮನೆಗೆ ಒಯ್ದು ಕಬ್ಬು ಸಾಗಿಸುವ ಟ್ರೇಲರಿನ ಕೊಂಡಿಗೆ ಹಾಕಿಕೊಂಡಿದ್ದರು. ವಿಮಾನ ಇಲಾಖೆಯಿಂದ ತಪಾಸಣೆಗೆ ಬಂದ ಅಧಿಕಾರಿಯ ಕಾರು, ಕಬ್ಬು ಅರೆಯುವ ಕಾಲದಲ್ಲಿ ಎಲ್ಲರ ಕಾರಿಗೂ ಆಗುವಂತೆ, ಕಬ್ಬಿನ ಟ್ರಾಕ್ಟರುಗಳ ಹಿಂದೆ ಸಿಕ್ಕಿಕೊಂಡಿತು. ಬೇಸರ ಕಳೆಯಲು ಇಳಿದ ಅಧಿಕಾರಿಗೆ ಮುಂದಿನ ಟ್ರೇಲರಿನ ಕೊಂಡಿಯಲ್ಲಿ ಕೆಂಪು ಬಣ್ಣದ, ನಂಬರು ಕೊರೆದ ವಿಮಾನದ ಪಿನ್ನು ಕಂಡಿತು.

ನಮ್ಮ ಮ್ಯಾನೇಜರ್ ಪುಟ್ಟೇಗೌಡರು ಕೆಂಪಯ್ಯನವರನ್ನು ಕರೆಸಿ ಕೂಗಾಡಿದರು. ಕೆಂಪಯ್ಯ ತಣ್ಣಗೆ ಹೇಳಿದರು: "ಯಾಕ್ ಸಾ ಕಿರುಚ್ತೀರಿ? ಎಂಟು ಟನ್ ಕಬ್ಬು ಎಳೀತದೆ, ಒಂದ್ ವರ್ಸದಿಂದ ಅಲುಗಾಡಿಲ್ಲ. ನೀವೇ ತಪ್ಪಾಗಿ ರಿಜೆಕ್ಟ್ ಮಾಡಿದ್ದೀರಿ."

ಆ ತಪಾಸಣೆಯಲ್ಲಿ ನಮ್ಮ ಮಾನ ಉಳಿಸಲು ಮೂರು ತಿಂಗಳು ಪತ್ರ ಬರೆದೆವು. ಪುಟ್ಟೇಗೌಡರು ಕೆಟ್ಟವರಲ್ಲ, ಇಲಾಖೆಯ ಲಕೋಟೆ ಬಂದರೆ ಮಾತ್ರ ನೀರು ಕುಡಿಯುತ್ತಿದ್ದರು. ಲಕೋಟೆ ಒಡೆಯುವ ಮೊದಲೇ ಒಂದು ಲೋಟ, ಒಡೆದ ಮೇಲೆ ಇನ್ನೊಂದು.

ಇನ್ನು ನನ್ನ ಘನಂದಾರಿ ಕೆಲಸಕ್ಕೆ ಬರುತ್ತೇನೆ. ನಾನು ಇನ್‌ಸ್ಪೆಕ್ಷನ್ ವಿಭಾಗದ ಮುಖ್ಯಸ್ಥನಾದ ವರ್ಷ ಎರಡು ಲಾಟು ಪಿನ್ನು ವಾಪಸ್ಸು ಬಂದವು. ಮಾನ ಹೋಯಿತು. ಆ ವರ್ಷದ ಆಯುಧಪೂಜೆಗೆ ನನಗೊಂದು ಯೋಚನೆ ಹೊಳೆಯಿತು. ಪೂಜೆಯ ದಿನ ಯಂತ್ರಗಳನ್ನೆಲ್ಲ ತೊಳೆದು ಬಾಳೆಕಂದು ಕಟ್ಟುತ್ತೇವೆ. ಅಳೆಯುವ ಮೈಕ್ರೋಮೀಟರು, ಗೇಜುಗಳನ್ನು ಕೆಂಪು ಬಟ್ಟೆಯ ಮೇಲೆ ಜೋಡಿಸಿ ಅರಿಶಿನ ಕುಂಕುಮ ಹಚ್ಚಿ ಚೆಂಡು ಹೂವು ಇಡುತ್ತೇವೆ. ಅವತ್ತು ಯಾರೂ ಅವನ್ನು ಕೆಲಸಕ್ಕೆ ಮುಟ್ಟುವುದಿಲ್ಲ. ಹಾಗಾದರೆ ಕಾಗದಕ್ಕೂ ಪೂಜೆ ಬೇಡವೇ? ಹಿಂದಿನ ದಿನ ಅಳೆದು ಮುಗಿಸಿದ ಒಂದು ಲಾಟಿನ ಕಾರ್ಡನ್ನು ಸಹಿ ಹಾಕದೆ ಉಳಿಸಿಕೊಂಡೆ. ಪೂಜೆಯ ದಿನ ಮಂಗಳಾರತಿ ಆದ ಮೇಲೆ ದೇವರ ಪಟದ ಮುಂದೆ ಇಟ್ಟು, ಅವತ್ತಿನ ತಾರೀಕು ಬರೆದು, ಸೀಲು ಒತ್ತಿದೆ. ಮುಂದಿನ ವರ್ಷ ಒಂದು ಲಾಟೂ ವಾಪಸ್ಸು ಬರಲಿಲ್ಲ.

ಇನ್ನೇನು ಬೇಕು? ಅದು ಸಂಪ್ರದಾಯವೇ ಆಗಿಹೋಯಿತು. ಇಲಾಖೆಯ ನಿಯಮಾವಳಿ ಒಂದು ದಪ್ಪ ಪುಸ್ತಕ. ಅಳೆದ ದಿನವೇ ಸಹಿ ಹಾಕಬೇಕು, ಬೇರೆ ದಿನದ ತಾರೀಕು ಹಾಕಿದರೆ ಸುಳ್ಳು ದಾಖಲೆ ಎಂದು ಅದರಲ್ಲಿ ಸ್ಪಷ್ಟವಾಗಿದೆ. ಹೊಸಬರಿಗೆ ಆ ಪಾಠ ಹೇಳಿಕೊಡುತ್ತಿದ್ದವನೂ ನಾನೇ.

ಮಂಗಳ ನಮ್ಮಲ್ಲಿ ಸೀಲು ಪಡೆದ ಮೊದಲ ಹೆಣ್ಣುಮಗಳು. ಹಲಗೂರಿನ ಆಚೆಯ ಹಳ್ಳಿಯಿಂದ ಎರಡು ಬಸ್ಸು ಹತ್ತಿ ಬರುತ್ತಿದ್ದಳು, ಒಂದು ದಿನವೂ ತಡವಾಗಿದ್ದಿಲ್ಲ. ಇಲಾಖೆಯ ಪರೀಕ್ಷೆ ಬರೆದು, ಪಾಸಾಗಿ, ತನ್ನ ಹೆಸರಿಗೆ ಸೀಲು ಬರಲು ನಾಲ್ಕು ವರ್ಷ ಕಾದಿದ್ದಳು. ಸೀಲು ಬಂದ ಮೊದಲ ಆಯುಧಪೂಜೆಗೆ ನಾನೇ ಅವಳನ್ನು ಕರೆದೆ.

"ಬಾ ಮಂಗಳ, ಈ ಸಲ ನಿನ್ ಕೈಯಲ್ಲೇ ಆಗ್ಲಿ."

"ಇದ್ನ ನಿನ್ನೇನೆ ಅಳ್ದಿದ್ದೀನಲ್ಲ ಸಾ. ಇವತ್ತಿನ ತಾರೀಕು ಎಂಗ್ ಆಕ್ಲಿ?"

"ಆಕು ಕಣಮ್ಮ. ಒಳ್ಳೇದಾಯ್ತದೆ."

ಹಾಕಿದಳು. ನಾನು ಅವಳ ಕೈಗೆ ಪುರಿ, ಕಡಲೆ, ಬಾಳೆಹಣ್ಣು ಕೊಟ್ಟೆ.

ಆ ಲಾಟಿನ ಒಂದು ಪಿನ್ನು ಎಲ್ಲೆಲ್ಲೋ ಸುತ್ತಿ ನಮ್ಮ ಜಿಲ್ಲೆಗೇ ಬರಬೇಕೇ? ಎರಡು ವರ್ಷದ ಮೇಲೆ, ಬೆಳಕವಾಡಿ ಕಡೆಯ ಬಯಲಿನಲ್ಲಿ ಒಬ್ಬ ಮಾಲೀಕರು ಸಣ್ಣ ವಿಮಾನದಲ್ಲಿ ಪ್ರವಾಸಿಗರನ್ನು ಕೂರಿಸಿ ಮೇಲಿನಿಂದ ಶಿವನಸಮುದ್ರ ತೋರಿಸುವ ವ್ಯವಹಾರ ಶುರುಮಾಡಿದ್ದರು. ಒಂದು ದಿನ ಇಳಿಯುವಾಗ ಬಲಗಡೆಯ ಚಕ್ರದ ಕಾಲು ಮಡಿಚಿಕೊಂಡಿತು. ವಿಮಾನ ಜಾರಿ ಪಕ್ಕದ ಗದ್ದೆಗೆ ನುಗ್ಗಿ ನಾಟಿ ಹಾಕಿದ್ದ ಕೆಸರಿನಲ್ಲಿ ಮೂತಿ ಇಟ್ಟಿತು. ಪೈಲಟ್ಟಿಗೆ ಏನೂ ಆಗಲಿಲ್ಲ. ಪ್ರವಾಸಿಯ ಹೆಗಲ ಮೂಳೆ ಮುರಿಯಿತು. ಆ ಕಾಲಿನ ಪಿನ್ನು ತುಂಡಾಗಿತ್ತು. ನಂಬರು ಇರುವ ತಲೆಯ ಭಾಗ ಕೆಸರಿನಲ್ಲಿ ಹೋಯಿತು, ಮೊಂಡು ತುಂಡು ಮಾತ್ರ ಸಿಕ್ಕಿತು.

ಆಮೇಲೆ ನಡೆದದ್ದನ್ನು ಗಮನಿಸಿ. ಪ್ರವಾಸಿ ಮಾಲೀಕರ ಮೇಲೆ ಕೇಸು ಹಾಕಿದರು. ಮಾಲೀಕರು ವಿಮಾನ ಮಾಡಿದ ಕಂಪನಿಯ ಮೇಲೆ ಹಾಕಿದರು. ಕಂಪನಿಯವರು ವಿಮಾನದ ದಾಖಲೆಯಲ್ಲಿದ್ದ ನಂಬರು ತೋರಿಸಿ, ಪಿನ್ನು ನಮ್ಮದಲ್ಲ ಗೆಜ್ಜಲಗೆರೆಯದು ಎಂದು ನಮ್ಮ ಮೇಲೆ ಮದ್ದೂರು ಕೋರ್ಟಿನಲ್ಲಿ ಹಾಕಿದರು. ನಮಗೆ ಹಾಕಲು ಯಾರೂ ಉಳಿದಿರಲಿಲ್ಲ. ಗದ್ದೆಯವರು ಒಬ್ಬರೇ ಯಾರ ಮೇಲೂ ಕೇಸು ಹಾಕದೆ, ವಿಮಾನವನ್ನು ಟ್ರಾಕ್ಟರಿನಲ್ಲಿ ಎಳೆದು ಬದುವಿಗೆ ಹಾಕಿ, ಹೊಸದಾಗಿ ನಾಟಿ ಮಾಡಿಕೊಂಡರು. ಇಡೀ ಪ್ರಕರಣದಲ್ಲಿ ಕೆಲಸ ಮುಗಿಸಿದವರು ಅವರೊಬ್ಬರೇ.

ನೋಟಿಸಿನ ಜೊತೆ ಕಾರ್ಡಿನ ಪ್ರತಿ ಇತ್ತು. ತಾರೀಕಿನ ಸುತ್ತ ಕೆಂಪು ಶಾಯಿಯ ವೃತ್ತ. ಪಂಚಾಂಗ ನೋಡುವ ಕಣ್ಣು ಯಾರಿಗೋ ಇತ್ತು. ಪುಟ್ಟೇಗೌಡರು ಎರಡು ಲೋಟ ನೀರು ಕುಡಿದು ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು.

"ನಿಂಗರಾಜು, ಏನಯ್ಯಾ ಇದು? ಆಯುಧಪೂಜೆ ದಿನ ಅಳ್ದಿದ್ದೀರಾ?"

"ಇಲ್ಲ ಸಾರ್. ಅಳ್ದಿದ್ದು ಹಿಂದಿನ ದಿನ."

"ಅಂಗಾದ್ರೆ ಇದು ಸುಳ್ಳು ದಾಖಲೆ. ಇಲಾಖೆಯವರು ಕಾರ್ಖಾನೆ ಲೈಸೆನ್ಸನ್ನೇ ಕಿತ್ಕೊಂಡೋಯ್ತಾರೆ." ಸ್ವಲ್ಪ ಹೊತ್ತು ಫ್ಯಾನು ನೋಡಿದರು. "ಸಹಿ ಯಾರ್ದು?"

"ಮಂಗಳಂದು."

"ನೀನೇ ಹೇಳ್ದೆ ಅಂತ ಕಾಗದದಲ್ಲಿ ಎಲ್ಲಾದ್ರೂ ಇದ್ಯಾ?"

ಇರಲಿಲ್ಲ. ಅಷ್ಟು ವರ್ಷ ಪ್ರತಿಯೊಂದನ್ನೂ ಬರೆದಿಡಿ ಎಂದು ಎಲ್ಲರಿಗೂ ಬೋಧಿಸಿದವನು ಅದೊಂದನ್ನು ಬರೆದಿಟ್ಟಿರಲಿಲ್ಲ.

ಅವರು ಇಲಾಖೆಗೆ ಕಳಿಸುವ ವಿವರಣೆಯ ಪತ್ರ ಟೈಪ್ ಮಾಡಿಸಿದರು. ಇನ್‌ಸ್ಪೆಕ್ಟರ್ ಮಂಗಳ ತಮ್ಮ ಸ್ವಂತ ನಿರ್ಲಕ್ಷ್ಯದಿಂದ ತಪ್ಪು ತಾರೀಕು ನಮೂದಿಸಿದ್ದಾರೆ, ಇದು ಮುಖ್ಯಸ್ಥರ ಗಮನಕ್ಕೆ ಬಂದಿರಲಿಲ್ಲ. ಕೆಳಗೆ ನನ್ನ ಹೆಸರು. ಕೋರ್ಟಿನಲ್ಲೂ ನಾನು ಇದನ್ನೇ ಹೇಳಬೇಕು, ವಿಚಾರಣೆ ಮುಗಿದ ಮೇಲೆ ಪತ್ರ ಇಲಾಖೆಗೆ ಹೋಗುತ್ತದೆ ಎಂದು ನಿಶ್ಚಯವಾಯಿತು.

ಅದರ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು. ಮಂಗಳನ ಸೀಲು ರದ್ದಾಗುತ್ತದೆ. ವಿಮಾನದ ಕೆಲಸದಲ್ಲಿ ಸುಳ್ಳು ದಾಖಲೆಗೆ ಸೀಲು ಕಳೆದುಕೊಂಡವರನ್ನು ಬೇರೆ ಯಾವ ಕಾರ್ಖಾನೆಯೂ ಬಾಗಿಲೊಳಗೆ ಬಿಡುವುದಿಲ್ಲ. ಕೆಲಸವೂ ಹೋಗುತ್ತದೆ, ಕಲಿತ ವಿದ್ಯೆಯೂ ಹೋಗುತ್ತದೆ.

ಸಹಿ ಹಾಕಿದೆ. ಕೈ ನಡುಗಿತು, ಕಣ್ಣು ಮಂಜಾಯಿತು ಅಂತೆಲ್ಲ ಬರೆಯುವುದಿಲ್ಲ. ಏನೂ ಆಗಲಿಲ್ಲ. ಸಹಿ ಹಾಕಿ ಕ್ಯಾಂಟೀನಿಗೆ ಹೋಗಿ ಊಟ ಮಾಡಿದೆ. ಅವತ್ತು ಮುದ್ದೆ ಜೊತೆ ಬಸ್ಸಾರು, ಎರಡನೇ ಸಲ ಹಾಕಿಸಿಕೊಂಡೆ.

ಮಾರನೆಯ ದಿನ ಮಂಗಳ ನನ್ನ ಮೇಜಿನ ಹತ್ತಿರ ಬಂದಳು. ಕೈಯಲ್ಲಿ ನೂರು ಪುಟದ ಒಂದು ನೋಟ್ ಪುಸ್ತಕ.

"ಸಾ, ಬಯ್ಯಬೇಡಿ. ಕಾರ್ಡಲ್ಲಿ ಬರೀ ಓಕೆ ಅಂತ ಬರೀತೀವಲ್ಲ, ನಂಗೆ ಅದು ಸಾಲಕಿಲ್ಲ. ಒಂದೊಂದು ಪಿನ್ನಿನ ಅಳತೇನೂ ಇದ್ರಲ್ಲಿ ಬರ್ಕಂಡಿದ್ದೀನಿ. ನಂಬ್ರು, ದಪ್ಪ, ಅಳ್ದ ದಿನ, ಗಂಟೆ, ಎಲ್ಲ ಅದೆ."

ನಾನು ಪುಸ್ತಕ ತೆರೆದೆ. ಮುತ್ತಿನಂಥ ಅಕ್ಷರ. ಪೂಜೆಯ ಹಿಂದಿನ ದಿನ, ಮಧ್ಯಾಹ್ನ ಎರಡೂಕಾಲಿನಿಂದ ನಾಲ್ಕರವರೆಗೆ, ನಲವತ್ತು ಪಿನ್ನು.

"ಸ್ವಂತ ಪುಸ್ತಕದಲ್ಲಿ ಅಳತೆ ಬರೆಯೋದು ನಿಯಮಕ್ಕೆ ವಿರುದ್ಧ, ಗೊತ್ತಾ?" ಎಂದೆ. ಹಿಂದಿನ ದಿನವಷ್ಟೇ ಸುಳ್ಳು ಪತ್ರಕ್ಕೆ ಸಹಿ ಹಾಕಿದವನ ಬಾಯಿಂದ.

"ಗೊತ್ತು ಸಾ. ನೀವೇ ಏಳ್ಕೊಟ್ಟಿದ್ದು. ಆದ್ರೂ ಕೋರ್ಟಲ್ಲಿ ನಾವ್ ಅಳ್ದಿದ್ದು ದಿಟ ಅಂತ ತೋರ್ಸಕ್ಕೆ ಬೇಕಾಯ್ತದೇನೋ ಅಂತ ತಂದೆ. ನೀವ್ ಎಂಗೂ ನಡೆದಿದ್ದ ನಡೆದಂಗೆ ಏಳ್ತೀರಲ್ಲ, ನಂಗೇನ್ ಭಯ ಇಲ್ಲ."

ಪುಸ್ತಕವನ್ನು ನನ್ನ ಮೇಜಿನ ಮೇಲೆ ಬಿಟ್ಟು ಹೋದಳು. ನಾನು ಅದನ್ನು ಡ್ರಾಯರಿನಲ್ಲಿ ಇಟ್ಟು ಬೀಗ ಹಾಕಿದೆ. ಅದನ್ನು ಸುಟ್ಟುಬಿಡುವ ಯೋಚನೆಯೂ ಒಮ್ಮೆ ಬಂದು ಹೋಯಿತು. ಇಷ್ಟು ಹೇಳಿದ ಮೇಲೆ ಅದನ್ನೂ ಹೇಳಿಬಿಡುತ್ತೇನೆ. ವಿಚಾರಣೆಯ ದಿನ ಯಾಕೋ ಚೀಲಕ್ಕೆ ಹಾಕಿಕೊಂಡೆ. ಅಲ್ಲಿ ಬಿಟ್ಟರೆ ಬೇರೆಯವರ ಕೈಗೆ ಸಿಕ್ಕೀತು ಎಂಬ ಭಯದಿಂದ ಇರಬೇಕು.

ಮದ್ದೂರು ಕೋರ್ಟಿನಲ್ಲಿ ವಿಮಾನದ ಕೇಸು ಎಂದರೆ ಜನ ಸೇರದೆ ಇರುತ್ತಾರೆಯೇ? ಬದು ಒತ್ತುವರಿ ಕೇಸಿಗೆ ಬಂದವರೂ ನಿಂತು ನೋಡುತ್ತಿದ್ದರು. ಮಂಗಳ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ವಿಮಾನ ಕಂಪನಿಯ ಪರ ವಕೀಲರು ಊರಿನವರೇ, ಮದ್ದೂರಿನ ಹಳೇ ಗಟ್ಟಿ ಆಸಾಮಿ. ನನ್ನನ್ನು ಕಟಕಟೆಗೆ ಹತ್ತಿಸಿ ಕಾರ್ಡು ತೋರಿಸಿದರು.

"ನಿಂಗರಾಜು ಅವರೇ, ಈ ತಾರೀಕು ಯಾವ ದಿನ?"

"ಆಯುಧಪೂಜೆ."

"ಅವತ್ತು ನಿಮ್ಮ ಕಾರ್ಖಾನೆಯಲ್ಲಿ ಪೂಜೆ ನಡೀತಾ?"

"ನಡೀತು."

"ಮೈಕ್ರೋಮೀಟರಿಗೂ?"

"ಹೌದು."

ನಾನು ಮುಂದಿನ ಪ್ರಶ್ನೆಗೆ ಕಾಯುತ್ತಿದ್ದೆ. ಹಾಗಾದರೆ ಈ ತಾರೀಕು ಬರೆದವರು ಯಾರು ಎಂದು ಕೇಳುತ್ತಾರೆ, ಮಂಗಳ ಎನ್ನಬೇಕು, ಇಳಿದು ಬರಬೇಕು. ಬಾಯಿಪಾಠ ಮಾಡಿಕೊಂಡಿದ್ದೆ. ಆದರೆ ವಕೀಲರು ಜನದ ಕಡೆ ತಿರುಗಿ, ಕನ್ನಡಕ ತೆಗೆದು, ಕೋರ್ಟಿನ ಭಾಷೆಯನ್ನೇ ಬಿಟ್ಟು ಮಾತಾಡಿದರು:

"ಸ್ವಾಮಿ, ಕೂದ್ಲು ಎಳೇನ ಅಳೆಯೋ ಯಂತ್ರ ಅದು. ಅದರ ಬಾಯ್ಗೆ ಅರಿಶ್ನ ಕುಂಕ್ಮ ಮೆತ್ಬುಟ್ಟು ವಿಮಾನದ ಪಿನ್ನು ಅಳ್ದವ್ರೆ! ಇಲ್ಲಾ ಅಂದ್ರೆ ಅಳ್ದೇ ಇಲ್ಲ. ಮಂಗ್ಳಾರತಿ ಎತ್ತಿ, ಪುರಿ ತಿಂದು, ಸೀಲ್ ಒತ್ತಿ ಕಳ್ಸವ್ರೆ!"

ಎಲ್ಲರೂ ನಕ್ಕರು. ಬದು ಒತ್ತುವರಿಯವರೂ ನಕ್ಕರು.

ನನಗೆ ಎಲ್ಲಿತ್ತೋ ಕೋಪ, ನೆತ್ತಿಗೆ ಏರಿತು. ಒಬ್ಬ ಹೆಣ್ಣುಮಗಳ ಬದುಕು ಮುರಿಯುವ ಪತ್ರಕ್ಕೆ ಸಹಿ ಹಾಕುವಾಗ ಬಾರದ ಕೋಪ. ಅಳೆದೇ ಇಲ್ಲ ಎಂದರಲ್ಲ, ಅದು ತಡೆಯಲಾಗಲಿಲ್ಲ.

"ಅಳ್ದಿಲ್ಲ ಅಂತ ಯಾವನ್ರೀ ಏಳಿದ್ದು?" ಎಂದು ಕಟಕಟೆಯಲ್ಲೇ ಕೂಗಿಬಿಟ್ಟೆ. "ನಲವತ್ತು ಪಿನ್ನೂ ಅಳ್ದವ್ಳೆ, ಹಿಂದಿನ ದಿನ, ಒಂದೊಂದನ್ನೂ! ಪೂಜೆ ದಿನ ಬರೀ ಸಹಿ. ಆ ತಾರೀಕು ಹಾಕ್ಸಿದ್ದು ನಾನು. ಅವ್ಳು ಬ್ಯಾಡ ಅಂದ್ಳು, ನಾನೇ ಹಾಕು ಅಂದೆ. ನನ್ ತಪ್ಪು. ಅಳತೆ ತಪ್ಪಿಲ್ಲ!"

ಪುಟ್ಟೇಗೌಡರು ನೀರಿನ ಬಾಟಲಿ ಹುಡುಕುತ್ತಿದ್ದರು. ನ್ಯಾಯಾಧೀಶರು, ನಿಧಾನವಾಗಿ ಹೇಳಿ, ಬರೆದುಕೊಳ್ಳಬೇಕು ಎಂದರು. ನಿಧಾನವಾಗಿ ಇನ್ನೊಂದು ಸಲ ಹೇಳಬೇಕಾಯಿತು. ಕೋಪದಲ್ಲಿ ನಿಜ ಹೇಳುವುದು ಸುಲಭ. ಬರೆದುಕೊಳ್ಳುವ ವೇಗಕ್ಕೆ ಹೇಳುವುದು ಬಹಳ ಕಷ್ಟ. ಆಮೇಲೆ ಚೀಲದಿಂದ ನೋಟ್ ಪುಸ್ತಕ ತೆಗೆದುಕೊಟ್ಟೆ.

ಆ ಪುಸ್ತಕವೇ ಕೇಸು ಮುಗಿಸಿತು. ಕೋರ್ಟು ಕೆಸರಿನಲ್ಲಿ ಸಿಕ್ಕಿದ ಮೊಂಡು ತುಂಡನ್ನು ತಜ್ಞರಿಂದ ಅಳೆಸಿತು. ಅದರ ದಪ್ಪ ಮಂಗಳನ ಪುಸ್ತಕದ ನಲವತ್ತರಲ್ಲಿ ಒಂದಕ್ಕೂ ಹೊಂದಲಿಲ್ಲ, ಉಕ್ಕೂ ಬೇರೆ. ಒತ್ತಿ ಕೇಳಿದಾಗ ವಿಮಾನದ ಮಾಲೀಕರು ಒಪ್ಪಿಕೊಂಡರು. ನಮ್ಮ ಪಿನ್ನನ್ನು ಸರ್ವಿಸಿಗೆ ಬಿಚ್ಚಿದಾಗ ಕಳೆದುಹೋಗಿತ್ತು, ಹೊಸದಕ್ಕೆ ಕಾಯುವ ತಾಳ್ಮೆ ಇಲ್ಲದೆ ಮಳವಳ್ಳಿಯ ಲೇತಿನಲ್ಲಿ ಒಂದನ್ನು ಕಡೆಸಿ ಹಾಕಿಕೊಂಡಿದ್ದರು. ಅಂದರೆ ಇಷ್ಟು ದಿನ ನಾವೆಲ್ಲ ನಮ್ಮದಲ್ಲದ ಪಿನ್ನಿಗೆ ಹೊಡೆದಾಡಿದ್ದೆವು. ನಮ್ಮ ಮೇಲಿನ ಕೇಸು ವಜಾ ಆಯಿತು.

ಇಲಾಖೆ ಮಾತ್ರ ವಜಾ ಮಾಡಲಿಲ್ಲ. ಅವರದು ಬೇರೆ ಲೆಕ್ಕ. ಸುಳ್ಳು ತಾರೀಕು ಹಾಕಿಸಿದ್ದಕ್ಕೆ ನನ್ನ ಸೀಲು ಕಾಯಂ ರದ್ದು. ಒತ್ತಡಕ್ಕೆ ಒಳಗಾಗಿ ಹಾಕಿದ್ದಕ್ಕೆ ಮಂಗಳನಿಗೆ ಆರು ತಿಂಗಳು ಅಮಾನತು, ಮರುಪರೀಕ್ಷೆ. ಜೊತೆಗೆ, ನಿಯಮಬಾಹಿರವಾಗಿ ಸ್ವಂತ ನೋಟ್ ಪುಸ್ತಕ ಇಟ್ಟುಕೊಂಡಿದ್ದಕ್ಕೆ ಲಿಖಿತ ಎಚ್ಚರಿಕೆ. ನಮ್ಮೆಲ್ಲರನ್ನೂ ಉಳಿಸಿದ ಪುಸ್ತಕಕ್ಕೆ ಸಿಕ್ಕಿದ ಬಹುಮಾನ ಅದು. ಈಗ ಎಲ್ಲ ಟ್ಯಾಬ್‌ನಲ್ಲಿ. ಅಳತೆ ತಾನಾಗಿ ಏರುತ್ತದೆ, ತಾರೀಕು ತಾನಾಗಿ ಬೀಳುತ್ತದೆ, ಹೆಬ್ಬೆಟ್ಟು ಇಟ್ಟರೆ ಸಾಕು. ಅದರ ವಿವರವಾದ ಅಂಕಣಗಳನ್ನು ನೋಡಿದೆ. ಮಂಗಳ ಆ ನೋಟ್ ಪುಸ್ತಕದಲ್ಲಿ ಗೆರೆ ಎಳೆದುಕೊಂಡಿದ್ದ ಅಂಕಣಗಳೇ.

ಸೀಲಿಲ್ಲದವನಿಗೆ ಇನ್‌ಸ್ಪೆಕ್ಷನ್ ಕೋಣೆಯಲ್ಲಿ ಏನು ಕೆಲಸ? ಸ್ವಯಂ ನಿವೃತ್ತಿಗೆ ಬರೆದುಕೊಟ್ಟೆ. ಕೊನೆಯ ದಿನ ಪುಟ್ಟೇಗೌಡರು ಇಲಾಖೆಗೆ ಕಳಿಸದೆ ಉಳಿದಿದ್ದ ಆ ಪತ್ರವನ್ನು ಲಕೋಟೆಯಲ್ಲಿ ಹಾಕಿ ಕೊಟ್ಟರು. "ನಿಂಗರಾಜು, ಇದು ನನ್ ಹತ್ರ ಇರೋದು ಬ್ಯಾಡ. ಹರ್ದ್ ಹಾಕು" ಎಂದರು. ಹರಿಯಲಿಲ್ಲ.

ಈಗ ನನ್ನ ಕುರ್ಚಿಯಲ್ಲಿ ಮಂಗಳ ಕೂತಿದ್ದಾಳೆ. ಹೊಸಬರು ಸೇರಿದಾಗೆಲ್ಲ ನನ್ನ ಕಥೆ ಹೇಳುತ್ತಾಳಂತೆ. "ನಮ್ ಸಾರು ತಮ್ ಸೀಲ್ ಹೋದ್ರೂ ಪರ್ವಾಗಿಲ್ಲ ಅಂತ ಕೋರ್ಟಲ್ಲಿ ನಿಂತ್ಕಂಡ್ರು" ಎಂದು. ಕಳೆದ ತಿಂಗಳು ಕಾರ್ಖಾನೆಯಿಂದ ಫೋನು ಬಂತು. ಹೊಸ ಬ್ಯಾಚಿಗೆ ಪ್ರಾಮಾಣಿಕತೆಯ ಬಗ್ಗೆ ಮಾತಾಡಲು ಬರಬೇಕಂತೆ.

"ನೀವೇ ಬರ್ಬೇಕು ಸಾ" ಎಂದಳು ಮಂಗಳ. "ಬೇರೆ ಯಾರ್ ಏಳುದ್ರೂ ಉಡುಗ್ರು ನಂಬಕಿಲ್ಲ."

ಬರುತ್ತೇನೆ ಎಂದೆ. ಫೋನು ಇಟ್ಟ ಮೇಲೆ ಬೀರುವಿನಿಂದ ಆ ಲಕೋಟೆ ತೆಗೆದು ಓದಿದೆ. ಮೂರು ಸಾಲಿನ ಪತ್ರ, ಅಕ್ಷರ ತಪ್ಪಿಲ್ಲ, ತಾರೀಕು ಸರಿಯಾಗಿದೆ, ಸಹಿ ನನ್ನದೇ. ನಾನು ಮಾಡಿದ ಕಾಗದಗಳಲ್ಲೇ ನಿಯಮದ ಪ್ರಕಾರ ಇಷ್ಟು ಚೊಕ್ಕವಾದದ್ದು ಇನ್ನೊಂದಿಲ್ಲ.

ಅದರ ಫೋಟೋ ಈ ಬರಹದ ಕೆಳಗೆ ಹಾಕಿದ್ದೇನೆ. ಮಂಗಳ, ನೀನು ದಿನಾ ಸಂಜೆ ಬಸ್ಸಿನಲ್ಲಿ ನನ್ನ ಪೋಸ್ಟು ಓದುತ್ತೀ ಎಂದು ಗೊತ್ತು. ಹಲಗೂರು ಬರುವುದರೊಳಗೆ ಇಲ್ಲಿಯವರೆಗೆ ಬಂದಿರುತ್ತೀ. ಮಾತಾಡಲು ನಾನು ಬರಬೇಕೋ ಬೇಡವೋ, ಈಗ ನೀನೇ ಹೇಳಬೇಕು.

ಮಿಕ್ಕವರು ನನಗೆ ಬುದ್ಧಿ ಹೇಳುವ ಮೊದಲು ನಿಮ್ಮ ನಿಮ್ಮ ಡ್ರಾಯರು, ಬೀರು ಒಮ್ಮೆ ತೆಗೆದು ನೋಡಿ. ಇನ್ನೊಬ್ಬರ ಹೆಸರಿಗೆ ತಪ್ಪು ಬರೆದು ಸಹಿ ಹಾಕಿದ ಕಾಗದ, ಕಳಿಸಿದ್ದೋ ಕಳಿಸದೆ ಉಳಿದದ್ದೋ, ಇದ್ದರೆ ಆ ಕಥೆಯನ್ನು ಕೆಳಗೆ ಬರೆಯಿರಿ. ಯಾವ ಆಫೀಸು, ಯಾವ ಊರು ಬೇಡ. ಆ ಇನ್ನೊಬ್ಬರು ಈಗ ಎಲ್ಲಿದ್ದಾರೆ ಎಂಬುದನ್ನು ಮಾತ್ರ ಬರೆಯದೆ ಬಿಡಬೇಡಿ.